ಸಭೆಗೆ ಬಂದವರು, ಬಾರದವರು

1896ರ ಅಕ್ಟೋಬರ್ ಹೊತ್ತಿಗೆ ಅಮೆರಿಕದ ಅಧ್ಯಕ್ಷ ಪದವಿಗೆ ನಿಂತಿದ್ದ ಇಬ್ಬರಲ್ಲಿ ಒಬ್ಬ ಮನೆಯ ಜಗಲಿ ಬಿಟ್ಟು ಕದಲಿರಲಿಲ್ಲ, ಇನ್ನೊಬ್ಬ ಮನೆಯ ಮುಖ ನೋಡುವುದೇ ಅಪರೂಪವಾಗಿತ್ತು. ಊರೂರು ಸುತ್ತುತ್ತಿದ್ದವನು ವಿಲಿಯಂ ಜೆನ್ನಿಂಗ್ಸ್ ಬ್ರಯಾನ್. ವಯಸ್ಸು 36, ಅಂದರೆ ಅಧ್ಯಕ್ಷನಾಗಲು ಅಲ್ಲಿನ ಸಂವಿಧಾನ ಕೇಳುವ ಕನಿಷ್ಠ ವಯಸ್ಸಿಗಿಂತ ಒಂದೇ ವರ್ಷ ಹೆಚ್ಚು. ರೈಲಿನಲ್ಲಿ ಸುಮಾರು 18,000 ಮೈಲಿ ಓಡಾಡಿ 600ರಷ್ಟು ಭಾಷಣ ಮಾಡಿದ. ಮೈಕು ಇಲ್ಲದ ಆ ಕಾಲದಲ್ಲಿ ಅವನ ಮಾತು ಕೇಳಲು ಒಟ್ಟು ಐವತ್ತು ಲಕ್ಷ ಜನ ಸೇರಿದ್ದರು ಎಂಬ ಅಂದಾಜಿದೆ. ಆ ಚುನಾವಣೆಯಲ್ಲಿ ಮತ ಹಾಕಿದವರೇ ಒಂದು ಕೋಟಿ ನಲವತ್ತು ಲಕ್ಷದ ಆಸುಪಾಸು. ಇಷ್ಟಾಗಿಯೂ ಬ್ರಯಾನ್ ಆರು ಲಕ್ಷ ಮತಗಳಿಂದ ಸೋತ. ಗೆದ್ದವನು ಜಗಲಿಯಲ್ಲೇ ಕೂತಿದ್ದ ವಿಲಿಯಂ ಮೆಕಿನ್ಲಿ.

ತಳಮಟ್ಟದಿಂದ ಎದ್ದು ಬಂದು, ದೊಡ್ಡವರ ವಿರುದ್ಧ ಸಣ್ಣವರ ಪರವಾಗಿ ಮಾತಾಡುವ ಹುರಿಯಾಳು ಇಡೀ ದೇಶದ ಚುನಾವಣೆಯನ್ನು ಗೆಲ್ಲಬಲ್ಲನೇ? ಎಲ್ಲೇ ಚುನಾವಣೆ ಬರಲಿ, ಈ ಪ್ರಶ್ನೆ ಏಳುತ್ತದೆ. ಅಭಿಮಾನಿಗಳು ತುಂಬಿದ ಮೈದಾನದ ಫೋಟೊ ತೋರಿಸಿ ‘ಹವಾ ನೋಡಿ’ ಎನ್ನುತ್ತಾರೆ. ಬಲ್ಲವರು ದುಡ್ಡಿನ ಲೆಕ್ಕ ತೋರಿಸಿ ಕೈಯಾಡಿಸುತ್ತಾರೆ. ಎರಡೂ ಅರ್ಧ ಸತ್ಯ. ದುಡ್ಡಿಲ್ಲದೆ ಗೆದ್ದವರು ಇದ್ದಾರೆ, ಜನ ಸೇರಿಸಿಯೂ ಮಣ್ಣು ಮುಕ್ಕಿದವರು ಅದಕ್ಕಿಂತ ಹೆಚ್ಚಿದ್ದಾರೆ. ನನಗೆ ಕಾಣುವಂತೆ, ಕೇಳಬೇಕಾದ್ದು ಬೇರೆ. ಸಭೆಗೆ ಬಾರದವರಲ್ಲಿ ಎಷ್ಟು ಮಂದಿಯನ್ನು ಈತ ಒಲಿಸಿಕೊಳ್ಳಬಲ್ಲ? ಆ ದೇಶದ ಮತ ಎಣಿಕೆಯ ನಿಯಮ ಎಷ್ಟು ಮಂದಿಯನ್ನು ಒಲಿಸಿಕೊಂಡು ಬಾ ಎನ್ನುತ್ತದೆ? ಬ್ರಯಾನ್‌ನ ಸೋಲಿನಲ್ಲಿ ಇದು ಬಿಡಿಬಿಡಿಯಾಗಿ ಕಾಣುತ್ತದೆ. ಹಾಗಾಗಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಜಗಳ ಇದ್ದದ್ದು ಚಿನ್ನ, ಬೆಳ್ಳಿಯ ಬಗ್ಗೆ. ಅಮೆರಿಕದ ಡಾಲರಿಗೆ ಚಿನ್ನದ ಆಧಾರವಿತ್ತು. ಜನಸಂಖ್ಯೆ, ಬೆಳೆ, ಸರಕು ಎಲ್ಲವೂ ಬೆಳೆಯುತ್ತಿದ್ದವು, ಚಿನ್ನ ಮಾತ್ರ ಅದೇ ವೇಗದಲ್ಲಿ ಸಿಗುತ್ತಿರಲಿಲ್ಲ. ಹಣ ಬಿಗಿಯಾಯಿತು, ಬೆಲೆ ಇಳಿಯಿತು. ಬೆಲೆ ಇಳಿದರೆ ಸಂಬಳದವನಿಗೆ ಖುಷಿ, ಸಾಲಗಾರನಿಗೆ ಕುತ್ತಿಗೆಗೆ ಕುಣಿಕೆ. ಗೋಧಿ ಬುಶೆಲ್ಲಿಗೆ ಒಂದು ಡಾಲರ್ ಇದ್ದಾಗ ಕಾನ್ಸಸ್‌ನ ರೈತ ಸಾವಿರ ಡಾಲರ್ ಸಾಲ ಮಾಡಿದ ಎಂದಿಟ್ಟುಕೊಳ್ಳಿ. ತೀರಿಸುವ ಹೊತ್ತಿಗೆ ಗೋಧಿ ಐವತ್ತು ಸೆಂಟಿಗೆ ಇಳಿದಿದ್ದರೆ, ಅದೇ ಸಾಲಕ್ಕೆ ಎರಡರಷ್ಟು ಗೋಧಿ ಅಳೆಯಬೇಕು. ಬಡ್ಡಿ ಬೇರೆ. ಸಾಗಿಸುವ ರೈಲು ಕಂಪನಿ ತನಗೆ ಬೇಕಾದ ದರ ಹಾಕುತ್ತಿತ್ತು. ದಕ್ಷಿಣದ ಹತ್ತಿ ಬೆಳೆಗಾರನ ಪಾಡೂ ಇದೇ. ಬೆಳ್ಳಿಗೂ ನಾಣ್ಯದ ಅಚ್ಚು ಹಾಕಿ, 16 ತೂಕ ಬೆಳ್ಳಿಗೆ 1 ತೂಕ ಚಿನ್ನದಂತೆ, ಆಗ ಹಣ ಸಡಿಲವಾಗುತ್ತದೆ, ಬೆಳೆಗೆ ಬೆಲೆ ಬರುತ್ತದೆ ಎಂಬುದು ರೈತರ ಬೇಡಿಕೆಯಾಗಿತ್ತು.

ಈ ಕಥೆಯಲ್ಲಿ ನಮ್ಮ ದೇಶಕ್ಕೂ ಪಾತ್ರವಿದೆ. ಅಲ್ಲಿಯವರೆಗೆ ಮುಂಬೈ, ಕಲ್ಕತ್ತಾ ಟಂಕಸಾಲೆಗಳಿಗೆ ಯಾರು ಬೆಳ್ಳಿ ಒಯ್ದರೂ ರೂಪಾಯಿ ಅಚ್ಚು ಹಾಕಿಕೊಡುತ್ತಿದ್ದರು. 1893ರ ಜೂನ್‌ನಲ್ಲಿ ಬ್ರಿಟಿಷ್ ಸರ್ಕಾರ ಆ ಬಾಗಿಲು ಮುಚ್ಚಿತು. ಜಗತ್ತಿನ ಬೆಳ್ಳಿಗೆ ಅತಿ ದೊಡ್ಡ ಗಿರಾಕಿಯಾಗಿದ್ದ ಭಾರತ ಕೈ ತೊಳೆದುಕೊಂಡದ್ದೇ ತಡ, ಬೆಳ್ಳಿಯ ಬೆಲೆ ದಿನಗಳಲ್ಲೇ ಕುಸಿಯಿತು. ಆ ಹೊತ್ತಿಗಾಗಲೇ ಬ್ಯಾಂಕುಗಳು ಮುಳುಗುತ್ತಿದ್ದ ಅಮೆರಿಕದಲ್ಲಿ ದಿಗಿಲು ಇನ್ನೂ ಹೆಚ್ಚಿತು. ಅಲ್ಲಿನ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ತುರ್ತು ಅಧಿವೇಶನ ಕರೆದು, ಸರ್ಕಾರ ಬೆಳ್ಳಿ ಕೊಳ್ಳುವ ಕಾನೂನನ್ನೇ ರದ್ದು ಮಾಡಿಸಿದ. ಕ್ಲೀವ್‌ಲ್ಯಾಂಡ್ ಡೆಮಾಕ್ರಟಿಕ್ ಪಕ್ಷದವನು, ಬ್ರಯಾನ್ ಕೂಡ ಅದೇ ಪಕ್ಷದವನು. ಮೂರು ವರ್ಷದ ನಂತರ ಬ್ರಯಾನ್ ತನ್ನ ಪಕ್ಷದ ಅಧ್ಯಕ್ಷನ ನೀತಿಯ ವಿರುದ್ಧವೇ ಟಿಕೆಟ್ ಗಿಟ್ಟಿಸಿದ್ದು.

ಆ ಟಿಕೆಟ್ ಸಿಕ್ಕ ಬಗೆಯನ್ನು ಅಲ್ಲಿನವರು ಇಂದಿಗೂ ಹೇಳುತ್ತಾರೆ. ಡೆಮಾಕ್ರಟಿಕ್ ಪಕ್ಷದ ಸಮಾವೇಶ ನಡೆಯುತ್ತಿದ್ದ ಷಿಕಾಗೋದ ಕೊಲಿಸಿಯಂ ಸಭಾಂಗಣದಲ್ಲಿ ಜುಲೈ 9ರಂದು ಬೆಳ್ಳಿಯ ಪರ ಕೊನೆಯ ಭಾಷಣ ಬ್ರಯಾನ್‌ನದು. ಎರಡು ಅವಧಿ ಕಾಂಗ್ರೆಸ್ ಸದಸ್ಯನಾಗಿದ್ದ, ಸೆನೆಟ್‌ಗೆ ಹೋಗಲು ಯತ್ನಿಸಿ ಸೋತಿದ್ದ ನೆಬ್ರಾಸ್ಕಾದ ವಕೀಲ. ಮಾತಿನ ಕೊನೆಗೆ ಎರಡೂ ತೋಳು ಚಾಚಿ ಶಿಲುಬೆಗೇರಿದವನಂತೆ ನಿಂತುಬಿಟ್ಟ. ಸಭಾಂಗಣ ಕ್ಷಣಕಾಲ ಉಸಿರೆತ್ತಲಿಲ್ಲ. ಆಮೇಲೆ ಎದ್ದ ಗದ್ದಲದಲ್ಲಿ ಪ್ರತಿನಿಧಿಗಳು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮರುದಿನ ಐದನೇ ಸುತ್ತಿನ ಮತದಾನದಲ್ಲಿ ಅವನೇ ಅಭ್ಯರ್ಥಿ.

ಒಂದು ಭಾಷಣದಿಂದ ನಾಯಕ ಹುಟ್ಟಿದ ಎಂದು ಹೇಳುವುದು ಸುಲಭ. ಆದರೆ ನೆಲ ಹದ ಮಾಡಿದವರು ಬೇರೆ. ಟೆಕ್ಸಾಸ್‌ನಲ್ಲಿ ಹುಟ್ಟಿ ದಕ್ಷಿಣಕ್ಕೂ ಪಶ್ಚಿಮಕ್ಕೂ ಹಬ್ಬಿದ ರೈತ ಒಕ್ಕೂಟಗಳು ಹತ್ತು ಹದಿನೈದು ವರ್ಷ ಹಳ್ಳಿ ಹಳ್ಳಿಗೆ ಭಾಷಣಕಾರರನ್ನು ಕಳಿಸಿ ಸಾಲ, ದಾಸ್ತಾನು, ರೈಲು ದರದ ಬಗ್ಗೆ ಪಾಠ ಹೇಳಿದ್ದವು. ಆ ಒಕ್ಕೂಟಗಳಿಂದಲೇ ಪೀಪಲ್ಸ್ ಪಾರ್ಟಿ ಹುಟ್ಟಿತು. 1892ರಲ್ಲಿ ಅದರ ಅಭ್ಯರ್ಥಿ ಜೇಮ್ಸ್ ವೀವರ್ ಹತ್ತು ಲಕ್ಷಕ್ಕೂ ಹೆಚ್ಚು ಮತ, 22 ಎಲೆಕ್ಟೋರಲ್ ಮತ (ರಾಜ್ಯವಾರು ಗೆಲುವಿಗೆ ಸಿಗುವ, ಅಧ್ಯಕ್ಷನನ್ನು ನಿಜವಾಗಿ ಆರಿಸುವ ಮತ) ಪಡೆದಿದ್ದ. ನಾಲ್ಕು ವರ್ಷದ ನಂತರ ಡೆಮಾಕ್ರಟರು ಬೆಳ್ಳಿಯನ್ನು ಎತ್ತಿಕೊಂಡಾಗ ಪೀಪಲ್ಸ್ ಪಾರ್ಟಿಗೆ ಧರ್ಮಸಂಕಟ. ಬೇರೆ ಅಭ್ಯರ್ಥಿ ಹಾಕಿದರೆ ಮತ ಒಡೆಯುತ್ತದೆ, ಬ್ರಯಾನ್‌ನನ್ನೇ ಒಪ್ಪಿದರೆ ಪಕ್ಷವೇ ಕರಗುತ್ತದೆ. ಒಪ್ಪಿದರು. ಆದರೆ ಉಪಾಧ್ಯಕ್ಷ ಸ್ಥಾನಕ್ಕೆ ತಮ್ಮದೇ ಟಾಮ್ ವಾಟ್ಸನ್‌ನನ್ನು ಹಾಕಿ ಸಮಾಧಾನಪಟ್ಟುಕೊಂಡರು. ಒಬ್ಬ ಅಧ್ಯಕ್ಷ ಅಭ್ಯರ್ಥಿಗೆ ಇಬ್ಬರು ಉಪಾಧ್ಯಕ್ಷ ಅಭ್ಯರ್ಥಿಗಳು! ಚುನಾವಣೆ ಮುಗಿಯುವ ಹೊತ್ತಿಗೆ ಪಕ್ಷವೂ ಬಹುತೇಕ ಮುಗಿದಿತ್ತು.

ಪ್ರಚಾರದ ಮೊದಲ ವಾರಗಳಲ್ಲಿ ಬ್ರಯಾನ್ ಸಾಮಾನ್ಯ ರೈಲಿನಲ್ಲೇ ಓಡಾಡಿದ. ತನ್ನ ಚೀಲ ತಾನೇ ಹೊತ್ತು, ನಡುರಾತ್ರಿ ಜಂಕ್ಷನ್‌ಗಳಲ್ಲಿ ಇಳಿದು ಗಾಡಿ ಬದಲಿಸುತ್ತಿದ್ದ. ತಡವಾಗಿ ಪಕ್ಷ ಅವನಿಗೊಂದು ಖಾಸಗಿ ಬೋಗಿ ಕೊಟ್ಟಿತು. ಅದರ ಹೆಸರು ‘ದಿ ಐಡ್ಲರ್’, ಅಂದರೆ ಸೋಮಾರಿ. ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಭಾಷಣ ಮಾಡಿದ ದಿನಗಳಿದ್ದವು. ಬೆವರು ಒರೆಸಿಕೊಳ್ಳಲು ಮೈಗೆ ಜಿನ್ ಮದ್ಯ ತಿಕ್ಕಿಸಿಕೊಳ್ಳುತ್ತಿದ್ದ, ಹಾಗಾಗಿ ಹನಿ ಮದ್ಯ ಮುಟ್ಟದ ಮನುಷ್ಯನ ಮೈಯಿಂದ ಹೆಂಡದ ವಾಸನೆ ಬರುತ್ತಿತ್ತು ಎಂಬ ಕಥೆಯೂ ಇದೆ. ಬಂದ ಜನರಲ್ಲಿ ಹೆಂಗಸರು ಬಹಳ. ಬಹುತೇಕ ರಾಜ್ಯಗಳಲ್ಲಿ ಅವರಿಗೆ ಮತದ ಹಕ್ಕೇ ಇರಲಿಲ್ಲ ಎಂಬುದನ್ನು ಸಭೆಯ ಗಾತ್ರ ಹೇಳುವವರು ಮರೆಯುತ್ತಾರೆ.

ಇತ್ತ ಒಹಾಯೋದ ಕ್ಯಾಂಟನ್ ಪಟ್ಟಣದಲ್ಲಿ ಮೆಕಿನ್ಲಿಯ ಜಗಲಿ. ಜನರ ಹತ್ತಿರ ತಾನು ಹೋಗುವ ಬದಲು ಜನರನ್ನೇ ಕರೆಸಿಕೊಳ್ಳುವ ಏರ್ಪಾಡು. ರೈಲು ಕಂಪನಿಗಳು ಟಿಕೆಟ್ ದರ ಎಷ್ಟು ಇಳಿಸಿದ್ದವೆಂದರೆ, ಮನೆಯಲ್ಲಿ ಇರುವುದಕ್ಕಿಂತ ಕ್ಯಾಂಟನ್‌ಗೆ ಹೋಗಿ ಬರುವುದೇ ಅಗ್ಗ ಎಂದು ಜನ ನಗೆಯಾಡುತ್ತಿದ್ದರು. ಸುಮಾರು ಏಳೂವರೆ ಲಕ್ಷ ಜನ ಬಂದು ಹೋದರು. ಉಕ್ಕಿನ ಕಾರ್ಖಾನೆಯವರು ಒಂದು ತಂಡ, ಹಳೆಯ ಸೈನಿಕರು ಒಂದು ತಂಡ, ಹೀಗೆ. ತಂಡದ ಮುಖ್ಯಸ್ಥ ಆಡಬೇಕಾದ ನಾಲ್ಕು ಮಾತನ್ನು ಮೊದಲೇ ಬರೆದು ಕಳಿಸಬೇಕಿತ್ತು, ಮೆಕಿನ್ಲಿ ಅದನ್ನು ತಿದ್ದಿ, ಉತ್ತರ ಸಿದ್ಧಪಡಿಸಿಕೊಂಡು ಕಾಯುತ್ತಿದ್ದ. ಬಂದವರು ಅವನ ಮನೆಯ ಮುಂದಿನ ಹುಲ್ಲನ್ನು ತುಳಿದು ನೆಲ ಮಾಡಿದರು, ಬೇಲಿಯ ಪಟ್ಟಿಗಳನ್ನು ನೆನಪಿಗೆಂದು ಕಿತ್ತೊಯ್ದರು. ಅಲ್ಲಿ ಆಕಸ್ಮಿಕ ಎನ್ನುವಂಥದ್ದು ನಡೆದಿದ್ದರೆ ಅದೊಂದೇ ಇರಬೇಕು.

ಈ ಏರ್ಪಾಡಿನ ಸೂತ್ರಧಾರ ಮಾರ್ಕ್ ಹ್ಯಾನಾ ಎಂಬ ಕಲ್ಲಿದ್ದಲು, ಕಬ್ಬಿಣದ ಉದ್ಯಮಿ. ಚಂದಾ ಎತ್ತುವುದನ್ನು ಅವನು ತೆರಿಗೆ ವಸೂಲಿಯ ಮಟ್ಟಕ್ಕೆ ತಂದ. ಬ್ಯಾಂಕುಗಳು ಬಂಡವಾಳದ ಕಾಲು ಶೇಕಡ ಕೊಡಬೇಕು ಎಂದು ನಿಗದಿ ಮಾಡಿದ. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯೊಂದೇ ಎರಡೂವರೆ ಲಕ್ಷ ಡಾಲರ್ ಕೊಟ್ಟಿತು. ಒಟ್ಟು ಸೇರಿದ್ದು ಲೆಕ್ಕಕ್ಕೆ ಸಿಕ್ಕಂತೆ 35 ಲಕ್ಷ ಡಾಲರ್, ಬ್ರಯಾನ್ ಕಡೆಯ ನಿಧಿ ಅದರ ಹತ್ತನೇ ಒಂದು ಪಾಲಿನಷ್ಟು. ಏಳು ಕೋಟಿ ಜನಸಂಖ್ಯೆಯ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಕರಪತ್ರ ಅಚ್ಚಾದವು, ಜರ್ಮನ್, ಸ್ವೀಡಿಷ್, ಯಿಡ್ಡಿಷ್ ಎಂದು ವಲಸೆ ಬಂದವರ ಭಾಷೆಗಳಲ್ಲೂ. ಕಂಪನಿಗಳು ರಾಷ್ಟ್ರಮಟ್ಟದ ಚುನಾವಣೆಗೆ ಚಂದಾ ಕೊಡುವುದನ್ನು ನಿಷೇಧಿಸುವ ಕಾನೂನು ಅಲ್ಲಿ ಬಂದದ್ದು 1907ರಲ್ಲಿ.

ಹಾಗಾದರೆ ದುಡ್ಡೇ ಬ್ರಯಾನ್‌ನನ್ನು ಸೋಲಿಸಿತೇ? ಬ್ರಯಾನ್‌ನ ಭಕ್ತರು ಬದುಕಿನುದ್ದಕ್ಕೂ ಹಾಗೇ ಹೇಳಿಕೊಂಡರು. ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಆ ಕರಪತ್ರಗಳಲ್ಲಿ ಇದ್ದದ್ದು ಏನು ಎಂದು ನೋಡಿ. 16ಕ್ಕೆ 1 ಎಂದು ಬ್ರಯಾನ್ ಹೇಳುತ್ತಿದ್ದಾಗ ಪೇಟೆಯಲ್ಲಿ ಚಿನ್ನಕ್ಕೂ ಬೆಳ್ಳಿಗೂ ಇದ್ದ ಅಂತರ ಸುಮಾರು 30ಕ್ಕೆ 1. ಹಾಗಾಗಿ ಬೆಳ್ಳಿ ಡಾಲರಿನ ನಿಜವಾದ ಬೆಲೆ 53 ಸೆಂಟು, ನಿಮ್ಮ ವಾರದ ಕೂಲಿಯನ್ನು ಈ ಡಾಲರಿನಲ್ಲಿ ಕೊಟ್ಟರೆ ಅರ್ಧ ಹೊಟ್ಟೆ ಎಂದು ಮೆಕಿನ್ಲಿಯ ರಿಪಬ್ಲಿಕನ್ ಪಕ್ಷದವರು ಕಾರ್ಮಿಕರಿಗೆ ಬಿಡಿಸಿ ಹೇಳಿದರು. ಅದು ಬರೀ ಸುಳ್ಳಾಗಿರಲಿಲ್ಲ. ಗೋಧಿಗೆ ಬೆಲೆ ಏರಬೇಕೆಂಬುದು ಕಾನ್ಸಸ್ ರೈತನ ಆಸೆ. ಪಿಟ್ಸ್‌ಬರ್ಗ್‌ನ ಉಕ್ಕಿನ ಕಾರ್ಮಿಕನಿಗೆ ಅದೇ ಗೋಧಿ ರೊಟ್ಟಿಯ ಬೆಲೆ. ಇಬ್ಬರೂ ಬಡವರೇ, ಇಬ್ಬರನ್ನೂ ಹಿಂಡುತ್ತಿದ್ದವರು ಅದೇ ಬ್ಯಾಂಕು, ಅದೇ ರೈಲು ಕಂಪನಿ. ಆದರೂ ಒಬ್ಬನ ಮದ್ದು ಇನ್ನೊಬ್ಬನಿಗೆ ವಿಷ. ಕಾರ್ಖಾನೆ ಮಾಲೀಕರು ಬ್ರಯಾನ್ ಗೆದ್ದರೆ ಕೆಲಸ ಇರುವುದಿಲ್ಲ ಎಂದು ಬೆದರಿಸಿದ್ದೂ ಹೌದು. ಬೆದರಿಕೆ ನಾಟಿದ್ದು ಕಾರ್ಮಿಕನ ಮನಸ್ಸಿನಲ್ಲಿ ಮೊದಲೇ ಅನುಮಾನ ಇದ್ದದ್ದರಿಂದ.

ಆ ಅನುಮಾನ ಕಳೆಯಲು ಬ್ರಯಾನ್ ಹೆಚ್ಚೇನೂ ಮಾಡಲಿಲ್ಲ. ನ್ಯೂಯಾರ್ಕಿಗೆ ಹೊರಡುವಾಗ, ಶತ್ರುವಿನ ನಾಡಿಗೆ ಹೋಗುತ್ತಿದ್ದೇನೆ ಎಂಬರ್ಥದ ಮಾತಾಡಿಬಿಟ್ಟ. ಪತ್ರಿಕೆಗಳಿಗೆ ಅಷ್ಟು ಸಾಕಾಗಿತ್ತು. ಆಗಸ್ಟ್ 12ರ ಸೆಕೆಯಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕಿಕ್ಕಿರಿದಿತ್ತು. ಆದರೆ ಉಗ್ರಗಾಮಿ ಎನಿಸಿಕೊಳ್ಳುವ ಭಯದಿಂದಲೋ ಏನೋ, ಮಾತಿನ ಮಲ್ಲ ಅಂದು ಕಾಗದ ಹಿಡಿದು ಓದಿದ. ಎರಡು ಗಂಟೆಯ ಹತ್ತಿರ. ಜನ ಮಧ್ಯದಲ್ಲೇ ಎದ್ದು ಹೋಗತೊಡಗಿದರು. ತನ್ನವರ ಮುಂದೆ ಬೆಂಕಿಯಾಗುವವನು ಇತರರ ಮುಂದೆ ತಣ್ಣಗಾಗುವುದನ್ನು ನಾವೂ ನಮ್ಮ ಚುನಾವಣೆಗಳಲ್ಲಿ ನೋಡುತ್ತಲೇ ಇದ್ದೇವೆ.

ಕೊನೆಯ ಪೆಟ್ಟು ಬಿದ್ದದ್ದು ಮತ್ತೆ ಭಾರತದಿಂದ. 1896ರಲ್ಲಿ ಇಲ್ಲಿ ಮಳೆ ಕೈಕೊಟ್ಟಿತು. ಬುಂದೇಲಖಂಡದಿಂದ ಹಿಡಿದು, ಆಗ ಮುಂಬೈ ಪ್ರಾಂತಕ್ಕೆ ಸೇರಿದ್ದ ನಮ್ಮ ವಿಜಾಪುರ ಸೀಮೆಯವರೆಗೆ ಬರ. ಗೋಧಿ ರಫ್ತು ಮಾಡುತ್ತಿದ್ದ ದೇಶವೇ ಕಾಳಿಗೆ ಪರದಾಡತೊಡಗಿತು. ಬೇರೆ ಕೆಲವು ದೇಶಗಳಲ್ಲೂ ಬೆಳೆ ಕೆಟ್ಟು, ಜಗತ್ತಿನ ಪೇಟೆಯಲ್ಲಿ ಗೋಧಿಯ ಬೆಲೆ ಏರಿತು, ಅದೂ ಮತದಾನಕ್ಕೆ ಕೆಲವೇ ವಾರ ಮೊದಲು. ಬೆಳ್ಳಿ ಬಾರದೆ ಗೋಧಿಗೆ ಬೆಲೆಯೇ ಇಲ್ಲ ಎಂದು ಬ್ರಯಾನ್ ಊರೂರಲ್ಲಿ ಹೇಳುತ್ತಿರುವಾಗಲೇ ಬೆಲೆ ಬಂದುಬಿಟ್ಟಿತು. ಅಯೋವಾ, ಮಿನೆಸೊಟದಂಥ ರಾಜ್ಯಗಳ ರೈತರಿಗೆ ಅಷ್ಟೇ ಸಮಾಧಾನ ಸಾಕಾಯಿತು. ಇಲ್ಲಿ ಲಕ್ಷಗಟ್ಟಲೆ ಜನರನ್ನು ಹಸಿವಿನಿಂದ ಕೊಂದ ಬರ, ಅಲ್ಲಿ ಬಡ ರೈತರ ನಾಯಕನನ್ನು ಸೋಲಿಸುವುದರಲ್ಲೂ ಪಾಲು ಪಡೆಯಿತು.

ಫಲಿತಾಂಶ: ಮೆಕಿನ್ಲಿಗೆ 71 ಲಕ್ಷ, ಬ್ರಯಾನ್‌ಗೆ 65 ಲಕ್ಷ. ಎಲೆಕ್ಟೋರಲ್ ಮತಗಳಲ್ಲಿ 271–176. ದಕ್ಷಿಣ ಮತ್ತು ಪಶ್ಚಿಮದ ಬಹುಪಾಲು ಬ್ರಯಾನ್‌ಗೆ, ಕಾರ್ಖಾನೆಗಳಿದ್ದ ಈಶಾನ್ಯದಲ್ಲಿ ಒಂದೂ ರಾಜ್ಯ ಇಲ್ಲ. ಕೆಂಟಕಿಯಲ್ಲಿ ಸೋತದ್ದು ಮುನ್ನೂರಕ್ಕೂ ಕಡಿಮೆ ಮತದಿಂದ. ಕೆಂಟಕಿ, ಕ್ಯಾಲಿಫೋರ್ನಿಯಾ, ಇಂಡಿಯಾನಾ ಸೇರಿ ಆರು ರಾಜ್ಯಗಳಲ್ಲಿ ಒಟ್ಟು ಇಪ್ಪತ್ತು ಸಾವಿರದಷ್ಟು ಮತ ಆಚೆಯಿಂದ ಈಚೆಗೆ ಸರಿದಿದ್ದರೆ ಬ್ರಯಾನ್ ಗೆಲ್ಲುತ್ತಿದ್ದ ಎಂದು ಲೆಕ್ಕ ಹಾಕಿದವರಿದ್ದಾರೆ. ದೇಶದಲ್ಲಿ ಆರು ಲಕ್ಷದ ಹಿನ್ನಡೆ, ಗೆಲುವಿಗೆ ಇಪ್ಪತ್ತು ಸಾವಿರದ ಕೊರತೆ. ಎಣಿಕೆಯ ನಿಯಮ ಎಂದರೆ ಇದು. ಬ್ರಯಾನ್ ಮತ್ತೆ 1900ರಲ್ಲಿ, 1908ರಲ್ಲಿ ನಿಂತ, ಇನ್ನೂ ದೊಡ್ಡ ಅಂತರದಲ್ಲಿ ಸೋತ. ಅಷ್ಟರಲ್ಲಿ ದಕ್ಷಿಣ ಆಫ್ರಿಕ, ಕ್ಲೊಂಡೈಕ್‌ಗಳಿಂದ ಹೊಸ ಚಿನ್ನ ಹರಿದು ಬಂದು ಬೆಲೆಗಳು ತಾವಾಗಿಯೇ ಏರಿದ್ದವು, ನಮ್ಮ ಕೋಲಾರದ ಗಣಿಗಳೂ ಲಂಡನ್ನಿಗೆ ತಮ್ಮ ಪಾಲು ಕಳಿಸುತ್ತಿದ್ದವು. ಬೆಳ್ಳಿಯ ಮಾತು ಯಾರಿಗೂ ಬೇಕಿರಲಿಲ್ಲ. ನಡುವೆ ಲೋಕ ಸುತ್ತಲು ಹೊರಟವನು ಭಾರತಕ್ಕೂ ಬಂದಿದ್ದ. 1906ರಲ್ಲಿ ಬ್ರಿಟಿಷರ ಆಳ್ವಿಕೆಯನ್ನು ಖಾರವಾಗಿ ಟೀಕಿಸಿ ಬರೆದ.

ಈಗ ನೂರಿಪ್ಪತ್ತು ವರ್ಷ ಮುಂದೆ ಬನ್ನಿ. 2016ರ ಫೆಬ್ರುವರಿ, ದಕ್ಷಿಣ ಕ್ಯಾರೊಲಿನಾ ರಾಜ್ಯ. ಒಂದು ವಾರದ ಅಂತರದಲ್ಲಿ ಎರಡೂ ಪಕ್ಷಗಳ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ. ರಿಪಬ್ಲಿಕನ್ ಕಡೆ ಡೊನಾಲ್ಡ್ ಟ್ರಂಪ್‌ಗೆ ಬಂದ ಮತ ಶೇ 32.5. ಗೆದ್ದವನಿಗೇ ಎಲ್ಲ ಎಂಬ ಅಲ್ಲಿನ ಲೆಕ್ಕದಲ್ಲಿ ಐವತ್ತಕ್ಕೆ ಐವತ್ತೂ ಡೆಲಿಗೇಟ್‌ಗಳು ಅವರ ಪಾಲಾದವು. ಡೆಮಾಕ್ರಟಿಕ್ ಕಡೆ ಬರ್ನಿ ಸ್ಯಾಂಡರ್ಸ್ ಅವರಿಗೆ ಶೇ 26. ಆ ಪಕ್ಷ ಮತದ ಪ್ರಮಾಣಕ್ಕೆ ತಕ್ಕಂತೆ ಹಂಚುತ್ತದೆ, 53ರಲ್ಲಿ 14 ಸಿಕ್ಕವು. ಟ್ರಂಪ್ ಕೋಟ್ಯಧೀಶ, ಟಿವಿಯಲ್ಲಿ ಮನೆಮಾತಾದವರು. ಅವರ ಮಾತು ಜನಪರವಾಗಿ ಕೇಳಿಸಬಹುದು, ತಳಮಟ್ಟದಿಂದ ಬಂದವರಂತೂ ಅಲ್ಲ. ಆದರೆ ಮೂವರಲ್ಲಿ ಒಬ್ಬನ ಮತ ಗಟ್ಟಿ ಇದ್ದರೆ ಸಾಕು, ಎದುರಾಳಿಗಳು ಐದಾರು ಮಂದಿಯಾಗಿ ಹರಿದು ಹಂಚಿಹೋಗಿದ್ದರೆ ಗೆದ್ದೆವು ಎಂಬ ಪಾಠವನ್ನು ಅವರಷ್ಟು ಚೆನ್ನಾಗಿ ಕಲಿತವರಿಲ್ಲ. ನವೆಂಬರ್‌ನ ಅಂತಿಮ ಚುನಾವಣೆಯಲ್ಲೂ ದೇಶದ ಒಟ್ಟು ಮತದಲ್ಲಿ ಅವರು 28 ಲಕ್ಷದಷ್ಟು ಹಿಂದಿದ್ದರು, ಮೂರು ರಾಜ್ಯಗಳ ಸುಮಾರು 78,000 ಮತ ಅವರನ್ನು ಅಧ್ಯಕ್ಷರನ್ನಾಗಿಸಿತು.

ಸ್ಯಾಂಡರ್ಸ್ ಕಥೆ ಬ್ರಯಾನ್‌ನದಕ್ಕೆ ಹತ್ತಿರ. ದುಡ್ಡಿನ ನೆಪ ಅಲ್ಲಿ ಇರಲಿಲ್ಲ. ಸರಾಸರಿ 27 ಡಾಲರಿನ ಚಿಲ್ಲರೆ ಚಂದಾಗಳಿಂದಲೇ ಇಪ್ಪತ್ತು ಕೋಟಿ ಡಾಲರಿಗೂ ಹೆಚ್ಚು ಎತ್ತಿ, ಕೆಲವು ತಿಂಗಳು ಎದುರಾಳಿ ಹಿಲರಿ ಕ್ಲಿಂಟನ್ ಅವರನ್ನೇ ಮೀರಿಸಿದ್ದರು. ಯುವಕರು ಮುಗಿಬಿದ್ದರು, ಕ್ರೀಡಾಂಗಣಗಳು ತುಂಬಿದವು. ಕೊರತೆಯಾದದ್ದು ದಕ್ಷಿಣದ ರಾಜ್ಯಗಳ ಕಪ್ಪು ಮತದಾರರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ. ಭಾನುವಾರ ಚರ್ಚಿಗೆ ಹೋಗುವ, ಹಲವು ದಶಕಗಳಿಂದ ಪಕ್ಷದ ಜೊತೆ ನಡೆದುಬಂದ ಆ ಹಿರಿಯರಿಗೆ ‘ಕ್ರಾಂತಿ’ ಎಂಬ ಮಾತಿಗಿಂತ ಗುರುತಿನವರ ಭರವಸೆ ದೊಡ್ಡದು. 2020ರಲ್ಲಿ ಸ್ಯಾಂಡರ್ಸ್ ಮತ್ತೆ ನಿಂತು ನ್ಯೂ ಹ್ಯಾಂಪ್‌ಶೈರ್, ನೆವಾಡ ಗೆದ್ದು ಮುಂದಿದ್ದಾಗ ಅದೇ ದಕ್ಷಿಣ ಕ್ಯಾರೊಲಿನಾದಲ್ಲಿ ಹಿರಿಯ ಸಂಸದ ಜಿಮ್ ಕ್ಲೈಬರ್ನ್ ಅವರು ಜೋ ಬೈಡನ್ ಹೆಸರು ಹೇಳಿದರು. ಬೈಡನ್ ಅಲ್ಲಿ ಗೆದ್ದರು. ಮೂರೇ ದಿನದೊಳಗೆ ಪೀಟ್ ಬುಟಿಜೆಜ್, ಏಮಿ ಕ್ಲೋಬುಚಾರ್ ಕಣ ಬಿಟ್ಟು ಬೈಡನ್ ಬೆನ್ನಿಗೆ ನಿಂತರು. ಎದುರಾಳಿಗಳು ಹರಿದು ಹಂಚಿಹೋಗಿದ್ದಷ್ಟು ದಿನ ಸ್ಯಾಂಡರ್ಸ್ ಮುಂದಿದ್ದರು, ಅವರು ಒಟ್ಟಾದ ದಿನವೇ ಆಟ ಮುಗಿಯಿತು.

ಗೆದ್ದವರ ಕಡೆ ಬಂದರೆ ಬ್ರೆಜಿಲ್‌ನ ಲೂಲಾ ಕಣ್ಣಿಗೆ ಬೀಳುತ್ತಾರೆ. ಈಶಾನ್ಯದ ಬಡ ಹಳ್ಳಿಯಿಂದ ಸಾವ್ ಪೌಲೊ ಸೇರಿದ ಕುಟುಂಬ, ಲೇತ್ ಮಶೀನಿನ ಕೆಲಸ, ಕಾರ್ಖಾನೆಯಲ್ಲಿ ಕಳೆದುಕೊಂಡ ಕಿರುಬೆರಳು, ಸೇನಾ ಸರ್ಕಾರವಿದ್ದಾಗಲೇ ನಡೆಸಿದ ಮುಷ್ಕರಗಳು. 1980ರಲ್ಲಿ ಕಾರ್ಮಿಕರ ಪಕ್ಷ ಕಟ್ಟಿದರು. 1989ರಲ್ಲಿ ಮೊದಲ ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಮೊದಲ ಸುತ್ತಿನಲ್ಲಿ ಬಂದದ್ದು ಶೇ 17ರಷ್ಟು. ಅಲ್ಲಿ ಎರಡು ಸುತ್ತಿನ ಪದ್ಧತಿ, ಮೊದಲಿಬ್ಬರು ಮಾತ್ರ ಎರಡನೇ ಸುತ್ತಿಗೆ. ಆ ಶೇ 17ರಲ್ಲೇ ಎರಡನೆಯವರಾಗಿ ಉಳಿದು, ಕೊನೆಗೆ ಶೇ 47 ಮುಟ್ಟಿ ಸೋತರು. 1994, 1998ರಲ್ಲಿ ಮೊದಲ ಸುತ್ತಿನಲ್ಲೇ ಸೋಲು. 2002ರಲ್ಲಿ ಶೇ 61ರ ಗೆಲುವು. ನಡುವೆ ಬದಲಾದದ್ದು ಏನು? ಪಕ್ಷ ಊರೂರಿನ ಪುರಸಭೆಗಳಲ್ಲಿ ಆಡಳಿತ ನಡೆಸಿ ಹೆಸರು ಗಳಿಸಿತ್ತು. ಲೂಲಾ ಗಡ್ಡ ಟ್ರಿಮ್ ಮಾಡಿಸಿ ಸೂಟು ತೊಟ್ಟಿದ್ದರು. ಜೋಸೆ ಅಲೆಂಕಾರ್ ಎಂಬ ಜವಳಿ ಗಿರಣಿಗಳ ಮಾಲೀಕ ಉಪಾಧ್ಯಕ್ಷ ಅಭ್ಯರ್ಥಿ. ಆ ಜೂನ್‌ನಲ್ಲಿ ಜನರಿಗೊಂದು ಬಹಿರಂಗ ಪತ್ರ ಬರೆದು, ದೇಶದ ಸಾಲ, ಒಪ್ಪಂದಗಳನ್ನು ಮುರಿಯುವುದಿಲ್ಲ ಎಂದು ಮಾತು ಕೊಟ್ಟರು. ಹಳೆಯ ಸಂಗಾತಿಗಳು ಇದನ್ನು ಶರಣಾಗತಿ ಎಂದರು. ಪೇಟೆಯೂ ನಂಬಲಿಲ್ಲ, ಅಲ್ಲಿನ ಹಣ ರಿಯಾಲ್ ಕುಸಿಯುತ್ತಲೇ ಇತ್ತು. ಆದರೆ ಲೂಲಾ ಎಂದರೆ ಬೆಚ್ಚುತ್ತಿದ್ದ ಮಧ್ಯಮ ವರ್ಗದ ಒಂದು ದೊಡ್ಡ ಪಾಲು ನಂಬಿತು. ಬ್ರಯಾನ್ ಪಿಟ್ಸ್‌ಬರ್ಗ್‌ನ ಕಾರ್ಮಿಕನಿಗೆ ಬರೆಯದೆ ಹೋದ ಪತ್ರ ಇದೇ ಇರಬೇಕು.

ಹಾಗೆ ಯಾರನ್ನೂ ಒಲಿಸಿಕೊಳ್ಳದೆ ಗೆಲ್ಲಲು ಬರುವುದಿಲ್ಲವೇ? ಬರುತ್ತದೆ. ಪೆರು ದೇಶದ ಪೆಡ್ರೊ ಕಾಸ್ಟಿಯೊ ಗೆದ್ದದ್ದು ಹಾಗೆ. ಗುಡ್ಡಗಾಡಿನ ಕಹಮಾರ್ಕ ಪ್ರಾಂತದ ಪ್ರಾಥಮಿಕ ಶಾಲಾ ಮೇಷ್ಟ್ರು, 2017ರ ಶಿಕ್ಷಕರ ಮುಷ್ಕರದ ಮುಂದಾಳು. ತಲೆಗೆ ಅಗಲ ಅಂಚಿನ ಹುಲ್ಲಿನ ಟೋಪಿ, ಚುನಾವಣಾ ಗುರುತು ಪೆನ್ಸಿಲ್. ಶ್ರೀಮಂತ ದೇಶದಲ್ಲಿ ಇನ್ನು ಬಡವರಿರಬಾರದು ಎಂಬುದು ಘೋಷಣೆ. 2021ರ ಏಪ್ರಿಲ್‌ನ ಮೊದಲ ಸುತ್ತಿನಲ್ಲಿ 18 ಮಂದಿ ಕಣದಲ್ಲಿದ್ದರು. ಶೇ 18.9 ಮತಕ್ಕೇ ಕಾಸ್ಟಿಯೊ ಮೊದಲಿಗರು. ಎರಡನೇ ಸುತ್ತಿನಲ್ಲಿ ಎದುರಾದವರು ಜೈಲಿನಲ್ಲಿದ್ದ ಮಾಜಿ ಸರ್ವಾಧಿಕಾರಿಯ ಮಗಳು ಕೇಕೊ ಫುಜಿಮೊರಿ. ಆಕೆ ಬೇಡ ಎಂಬವರೆಲ್ಲ ಮೇಷ್ಟ್ರಿಗೆ ಹಾಕಿದರು. ಶೇ 50.13, ಅಂತರ ಸುಮಾರು 44,000. ಆದರೆ ಬೇಡವೆಂದು ಬಿದ್ದ ಮತ ಆಳಲು ನೆರವಾಗುವುದಿಲ್ಲ. 130 ಸ್ಥಾನಗಳ ಸಂಸತ್ತಿನಲ್ಲಿ ಅವರ ಪಕ್ಷದ್ದು 37. ಸಂಪುಟದ ಮೇಲೆ ಸಂಪುಟ ಬದಲಾಯಿತು. 2022ರ ಡಿಸೆಂಬರ್ 7ರಂದು ಸಂಸತ್ತನ್ನೇ ವಿಸರ್ಜಿಸುತ್ತೇನೆ ಎಂದು ಟಿವಿಯಲ್ಲಿ ಘೋಷಿಸಿದರು, ಕೆಲವೇ ಗಂಟೆಗಳಲ್ಲಿ ಸಂಸತ್ತು ಅವರನ್ನು ಕಿತ್ತುಹಾಕಿತು, ಅದೇ ದಿನ ಬಂಧನವೂ ಆಯಿತು.

ನಮ್ಮಲ್ಲಿ ಈ ಪ್ರಶ್ನೆಯ ಚಹರೆಯೇ ಬೇರೆ. ಇಲ್ಲಿ ಪ್ರಧಾನಿ ಸ್ಥಾನಕ್ಕೆ ಯಾರೂ ನೇರವಾಗಿ ಮತ ಹಾಕುವುದಿಲ್ಲ. ಪೋಸ್ಟರಿನಲ್ಲಿ ಒಂದೇ ಮುಖವಿದ್ದರೂ ನಡೆಯುವುದು 543 ಬೇರೆ ಬೇರೆ ಚುನಾವಣೆ. 2014ರ ಆಮ್ ಆದ್ಮಿ ಪಕ್ಷವನ್ನು ನೋಡಿ. ಹಿಂದಿನ ವರ್ಷ ದೆಹಲಿ ವಿಧಾನಸಭೆಯಲ್ಲಿ 28 ಸ್ಥಾನ ಗೆದ್ದ ಹುರುಪಿನಲ್ಲಿ ನಾನೂರಕ್ಕೂ ಹೆಚ್ಚು ಲೋಕಸಭಾ ಕ್ಷೇತ್ರಗಳಲ್ಲಿ ನಿಂತಿತು. ಗೆದ್ದದ್ದು 4. ದೆಹಲಿಯಲ್ಲಿ ಶೇ 33ರಷ್ಟು ಮತ ಬಂದು, ಏಳೂ ಕ್ಷೇತ್ರಗಳಲ್ಲಿ ಎರಡನೇ ಸ್ಥಾನ, ಗೆಲುವು ಸೊನ್ನೆ. ಪಂಜಾಬಿನಲ್ಲಿ ಬಂದದ್ದು ಶೇ 24, ಗೆದ್ದ ನಾಲ್ಕೂ ಅಲ್ಲಿಯವೇ. ಅಲ್ಲಿ ಅಕಾಲಿ–ಬಿಜೆಪಿ ಒಂದು ಕಡೆ, ಕಾಂಗ್ರೆಸ್ ಇನ್ನೊಂದು ಕಡೆ ಮತ ಹಂಚಿಕೊಂಡವು, ನಡುವೆ ಇವರು ನುಸುಳಿದರು. ದೆಹಲಿಯಲ್ಲಿ ಬಿಜೆಪಿಯೊಂದಕ್ಕೇ ಶೇ 46 ಬಂದಿತ್ತು. ವಾರಾಣಸಿಯಲ್ಲಿ ಅರವಿಂದ ಕೇಜ್ರಿವಾಲ್ ಅವರು ನರೇಂದ್ರ ಮೋದಿಯವರ ಎದುರು ಎರಡು ಲಕ್ಷಕ್ಕೂ ಹೆಚ್ಚು ಮತ ಪಡೆದು, ಮೂರು ಲಕ್ಷ ಎಪ್ಪತ್ತು ಸಾವಿರದಷ್ಟು ಅಂತರದಲ್ಲಿ ಸೋತರು. ದೇಶದ ತುಂಬ ನಿಲ್ಲುವುದೆಂದರೆ ಬರೀ ಅಭ್ಯರ್ಥಿ ಹುಡುಕುವುದಲ್ಲ. 2024ರಲ್ಲಿ ನಮ್ಮಲ್ಲಿದ್ದ ಮತಗಟ್ಟೆಗಳು ಹತ್ತು ಲಕ್ಷಕ್ಕೂ ಹೆಚ್ಚು. ಒಂದೊಂದಕ್ಕೂ ಬೆಳಿಗ್ಗೆಯಿಂದ ಸಂಜೆವರೆಗೆ ಏಳದೆ ಕೂರುವ ಒಬ್ಬ ಏಜೆಂಟ್, ಅವನಿಗೆ ಊಟ, ಹಿಂದಿನ ವಾರ ಮನೆಮನೆಗೆ ಚೀಟಿ ಹಂಚಲು ಇನ್ನಿಬ್ಬರು ಬೇಕು. ಇದು ಭಾಷಣದಿಂದ ಹುಟ್ಟುವ ಸೈನ್ಯವಲ್ಲ. ಖರ್ಚಿನ ಲೆಕ್ಕವೂ ಸೋಜಿಗವೇ. ಅಭ್ಯರ್ಥಿಯ ಖರ್ಚಿಗೆ ಮಿತಿ ಇದೆ, ಪಕ್ಷದ ಖರ್ಚಿಗೆ ಇಲ್ಲ.

ಕರ್ನಾಟಕದಲ್ಲಿ ಈ ಬಗೆಯ ರಾಜಕಾರಣ ಸಣ್ಣ ಅಳತೆಯಲ್ಲಿ ಗೆದ್ದದ್ದುಂಟು. 1952ರಲ್ಲಿ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರ ಸೀಮೆಯಲ್ಲಿ ‘ಒಂದು ವೋಟು, ಒಂದು ನೋಟು’ ಎಂದು ಮತದ ಜೊತೆ ಚಂದಾವನ್ನೂ ಕೇಳಿ ಗೆದ್ದದ್ದನ್ನು ಮಲೆನಾಡಿನ ಹಿರಿಯರು ಇಂದಿಗೂ ಹೇಳುತ್ತಾರೆ. ಸ್ಯಾಂಡರ್ಸ್ ಅವರ 27 ಡಾಲರ್ ಎಂದರೆ ಇದೇ. ಆದರೆ ಅದು ನಡೆದುಕೊಂಡೇ ಸುತ್ತಬಹುದಾದ ಕ್ಷೇತ್ರ, ಗೇಣಿದಾರರ ಸಿಟ್ಟು ಒಂದೇ ದಿಕ್ಕಿಗೆ ಹರಿಯುತ್ತಿದ್ದ ಕಾಲ. ಎಂಬತ್ತರ ದಶಕದಲ್ಲಿ ಹಸಿರು ಶಾಲು ಹೊದ್ದ ರೈತ ಸಂಘ ಬೀದಿಯಲ್ಲಿ ಸರ್ಕಾರವನ್ನೇ ನಡುಗಿಸಿತು, ವಿಧಾನಸಭೆಗೆ ಕಳಿಸಲು ಆದದ್ದು ಬೆರಳೆಣಿಕೆಯ ಮಂದಿಯನ್ನು. ಆ ಸಂಘದ ಮುಂದಾಳಾಗಿದ್ದ ಬಾಬಾಗೌಡ ಪಾಟೀಲರು ಬೆಳಗಾವಿಯಿಂದ ಲೋಕಸಭೆಗೆ ಹೋಗಿ ಕೇಂದ್ರ ಸಚಿವರಾದದ್ದು ಬಿಜೆಪಿ ಸೇರಿದ ಮೇಲೆ.

ಹಳ್ಳಿಯ ರೈತನ ಮಗ ದೆಹಲಿಯ ಗದ್ದುಗೆ ಏರಿದ್ದೂ ಇದೇ ರಾಜ್ಯದಿಂದ. 1996ರಲ್ಲಿ ಜನತಾದಳ ಕರ್ನಾಟಕದ 28ರಲ್ಲಿ 16 ಗೆದ್ದಿತ್ತು, ದೇಶದಲ್ಲಿ ಒಟ್ಟು 46. ಹೊಳೆನರಸೀಪುರ ತಾಲ್ಲೂಕು ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಆ ಲೋಕಸಭಾ ಚುನಾವಣೆಗೆ ನಿಂತಿರಲೇ ಇಲ್ಲ, ಮುಖ್ಯಮಂತ್ರಿಯಾಗಿದ್ದರು. ಹದಿಮೂರು ಪಕ್ಷಗಳ ನಾಯಕರು ಕೂತು ಅವರ ಹೆಸರು ಆರಿಸಿದರು, 140 ಸ್ಥಾನಗಳ ಕಾಂಗ್ರೆಸ್ ಹೊರಗಿನಿಂದ ಬೆಂಬಲ ಕೊಟ್ಟಿತು, ಜೂನ್ 1ರಂದು ಪ್ರಮಾಣವಚನ ಆಯಿತು. ಸಂಸತ್ತಿಗೆ ಅವರು ಬಂದದ್ದು ಆಮೇಲೆ, ರಾಜ್ಯಸಭೆಯ ಮೂಲಕ. ಮುಂದಿನ ವರ್ಷ ಮಾರ್ಚ್ ಕೊನೆಗೆ ಕಾಂಗ್ರೆಸ್ ಅಧ್ಯಕ್ಷ ಸೀತಾರಾಂ ಕೇಸರಿಯವರು ಬೆಂಬಲ ಹಿಂತೆಗೆದಾಗ, ಹನ್ನೊಂದು ತಿಂಗಳು ತುಂಬುವ ಮೊದಲೇ ಇಳಿಯಬೇಕಾಯಿತು. ಕೂರಿಸಿದವರೂ ಇಳಿಸಿದವರೂ ಅವರಿಗಾಗಿ ಒಂದೂ ಸಭೆ ನಡೆಸಿದವರಲ್ಲ.